ಥೀಸಿಸ್ ಮಂಡಿಸಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಸ್ಲೈಡ್‌ಗಳನ್ನು ಕೂತು ಪೂರ್ತಿ ನೋಡಿದೆ. ಕೆಲಸ ಗಟ್ಟಿಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶುರು ಮಾಡಿರೋದು ಎಲ್ಲಿಂದ ಮಾರಾಯ! ಭೂಮಿಯ ಮೇಲ್ಮೈಯಲ್ಲಿ ಶೇ. 71 ಭಾಗ ಸಮುದ್ರ ಅಂತ. ಸಮುದ್ರ ವಿಜ್ಞಾನ ಓದಿದವರೇ ತುಂಬಿರುವ ಹಾಲ್‌ನಲ್ಲಿ ಅದನ್ನು ಯಾರಿಗೆ ಹೇಳುತ್ತೀಯ? ಆಮೇಲೆ ಹವಾಮಾನ ಬದಲಾವಣೆ, ಆಮೇಲೆ ಆಹಾರ ಸರಪಳಿ, ಆಮೇಲೆ ಯಾರು ಯಾವ ವರ್ಷ ಏನು ಬರೆದರು ಅನ್ನುವ ಉದ್ದನೆಯ ಪಟ್ಟಿ. ನಿನ್ನ ಮೊದಲ ಸ್ಯಾಂಪಲ್ ಬರುವ ಹೊತ್ತಿಗೆ ಅರ್ಧ ಸಮಯ ಕಳೆದಿರುತ್ತದೆ. ಅದನ್ನೆಲ್ಲ ತೆಗೆದುಹಾಕು. ಸುಮ್ನೆ ಸ್ಟೇಷನ್ ಮ್ಯಾಪ್ ಹಾಕಿ, ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಆಳದವರೆಗೆ ನೀರು ತೆಗೆದೆ ಅಂತ ಹೇಳಿಬಿಡು.

ಯಾಕೆ ಅಂದರೆ, ನಮ್ಮ ವಿಷಯದಲ್ಲಿ ಕಣ್ಣಾರೆ ಕಂಡಿದ್ದನ್ನು ಹೇಳುವವರು ಕಡಿಮೆ. ಸಮುದ್ರದ ಸರಾಸರಿ ಆಳವೇ ಸುಮಾರು 3,700 ಮೀಟರ್. ಅದರೊಳಗೆ ಹಗ್ಗ ಕಟ್ಟಿ ಒಂದು ಸಿಟಿಡಿ (ಉಷ್ಣತೆ, ಉಪ್ಪು, ಆಳ ಅಳೆಯುವ ಉಪಕರಣ) ಇಳಿಬಿಡುತ್ತೇವೆ, ಜೊತೆಗೆ ಬೇಕಾದ ಆಳದಲ್ಲಿ ನೀರು ಹಿಡಿಯುವ ಒಂದಷ್ಟು ನಿಸ್ಕಿನ್ ಬಾಟಲಿ. ಅಷ್ಟನ್ನೇ ಇಟ್ಟುಕೊಂಡು ಇಡೀ ಕೊಲ್ಲಿಯ ಬಗ್ಗೆ ಮಾತಾಡುತ್ತೇವೆ. ಹಾಗಾಗಿ ಕೇಳುವವರಿಗೆ ಮೊದಲು ಗೊತ್ತಾಗಬೇಕಾದದ್ದು, ಈ ಅಂಕಿ ನೀರಿನಿಂದ ನಿನ್ನ ಸ್ಲೈಡ್‌ವರೆಗೆ ಹೇಗೆ ಬಂತು ಅನ್ನೋದು. ಅದು ಗೊತ್ತಾದರೆ ಉಳಿದದ್ದನ್ನು ಅವರೇ ನಂಬುತ್ತಾರೆ.

ನಿನ್ನ ಕ್ಲೋರೊಫಿಲ್ ಪ್ರೊಫೈಲನ್ನೇ ತಗೋ, ಯಾವ ಆಳದಲ್ಲಿ ಎಷ್ಟು ಕ್ಲೋರೊಫಿಲ್ ಅಂತ ತೋರಿಸುವ ಗ್ರಾಫ್. ಥೀಸಿಸ್‌ನ ಜೀವ ಇರೋದೇ ಅದರಲ್ಲಿ. ನೀನು ಅದನ್ನು ಆರು ಗ್ರಾಫ್ ತುರುಕಿದ ಸ್ಲೈಡ್‌ನ ಒಂದು ಮೂಲೆಗೆ ತಳ್ಳಿದ್ದೀಯ. ಅದೊಂದನ್ನೇ ದೊಡ್ಡದಾಗಿ ಹಾಕು. ಹಾಕಿದ ಕೂಡಲೇ ಮಾತು ಶುರು ಮಾಡಬೇಡ, ಮೊದಲು ಅಕ್ಷಗಳನ್ನು ತೋರಿಸು. ಸೊನ್ನೆ ಮೇಲಿದೆ, ಕೆಳಗೆ ಹೋದಂತೆ ಆಳ ಜಾಸ್ತಿ. ನಮಗೆ ಇದು ಅಭ್ಯಾಸ. ಬೇರೆ ವಿಭಾಗದಿಂದ ಬಂದವರಿಗೆ ಗ್ರಾಫ್ ತಲೆಕೆಳಗಾಗಿ ಕಾಣುತ್ತದೆ. ಆಮೇಲೆ ನಿಧಾನವಾಗಿ ಕೆಳಗಿಳಿ. ಮೇಲೆ ಗಾಳಿ ಕಲಕಿದ ನೀರು, ಅಲ್ಲಿ ಉಷ್ಣತೆ ಹೆಚ್ಚುಕಡಿಮೆ ಒಂದೇ. ಅದರ ಕೆಳಗೆ ಥರ್ಮೋಕ್ಲೈನ್, ಅಲ್ಲಿ ಉಷ್ಣತೆ ಸರಸರನೆ ಇಳಿಯುತ್ತದೆ. ಅದರ ಆಸುಪಾಸಿನಲ್ಲೇ ನಿನ್ನ ಕ್ಲೋರೊಫಿಲ್ ಗೆರೆ ಬಲಕ್ಕೆ ಉಬ್ಬಿದೆ. ಬೆಳಕು ಮೇಲಿನಿಂದ ಬರುತ್ತದೆ, ಪೋಷಕಾಂಶ ಕೆಳಗಿನಿಂದ ಬರುತ್ತದೆ, ಎರಡೂ ಸಾಕಷ್ಟು ಸಿಗುವುದು ಆ ನಡುವಿನ ಪದರದಲ್ಲಿ. ಇಷ್ಟು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಈಗ ವೈವಾ. ಆ ಉಬ್ಬಿನ ಮೇಲೇ ಕೇಳುತ್ತಾರೆ, ಬರೆದಿಟ್ಟುಕೋ. "ಅಲ್ಲಿ ಫೈಟೊಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು) ನಿಜಕ್ಕೂ ಜಾಸ್ತಿ ಇದೆಯಾ, ಇಲ್ಲಾ ಕ್ಲೋರೊಫಿಲ್ ಮಾತ್ರ ಜಾಸ್ತಿಯಾ?" ಮಂದ ಬೆಳಕಿನಲ್ಲಿ ಬೆಳೆಯುವ ಜೀವಕೋಶಗಳು ತಮ್ಮೊಳಗೆ ಹೆಚ್ಚು ಕ್ಲೋರೊಫಿಲ್ ತುಂಬಿಕೊಳ್ಳುತ್ತವೆ. ಕ್ಲೋರೊಫಿಲ್ ಏರಿದ ಮಾತ್ರಕ್ಕೆ ಜೀವರಾಶಿಯೂ ಏರಿತು ಅಂತ ಹೇಳಲಾಗದು. ನಿನ್ನ ಹತ್ತಿರ ಮೈಕ್ರೋಸ್ಕೋಪ್ ಎಣಿಕೆ ಇದೆ ಅಲ್ವಾ? ಅದನ್ನು ಅನುಬಂಧದಲ್ಲಿ ಯಾಕೆ ಹೂತಿಟ್ಟಿದ್ದೀಯ? ಅದೇ ಗ್ರಾಫ್ ಮೇಲೆ ಚುಕ್ಕೆಗಳಾಗಿ ಹಾಕು.

ಇನ್ನೊಂದು ಪ್ರಶ್ನೆ ಸೆನ್ಸರ್ ಬಗ್ಗೆ ಬರುತ್ತದೆ. ಅದು ಅಳೆಯೋದು ನೇರವಾಗಿ ಕ್ಲೋರೊಫಿಲ್ ಅಲ್ಲ, ಬೆಳಕು ಬಿದ್ದಾಗ ಕ್ಲೋರೊಫಿಲ್ ಮರಳಿ ಸೂಸುವ ಬೆಳಕನ್ನು, ಅಂದರೆ ಫ್ಲೋರೆಸೆನ್ಸ್ ಅನ್ನು. ಸೂರ್ಯ ನೆತ್ತಿಯ ಮೇಲಿದ್ದಾಗ ಮೇಲ್ಪದರದ ಜೀವಕೋಶಗಳು ಹೆಚ್ಚಾದ ಬೆಳಕನ್ನು ಶಾಖವಾಗಿ ಬಿಟ್ಟುಬಿಡುತ್ತವೆ. ಫ್ಲೋರೆಸೆನ್ಸ್ ಕುಗ್ಗುತ್ತದೆ. ಕ್ಲೋರೊಫಿಲ್ ಇದ್ದರೂ ಸೆನ್ಸರ್ ಕಡಿಮೆ ತೋರಿಸುತ್ತದೆ. ನಿನ್ನ ಮಧ್ಯಾಹ್ನದ ಪ್ರೊಫೈಲ್‌ಗಳಲ್ಲಿ ಈ ಗುಟ್ಟು ಎದ್ದು ಕಾಣುತ್ತಿದೆ. ಅದನ್ನು ಮುಚ್ಚಿಡಬೇಡ. ರಾತ್ರಿಯ ಪ್ರೊಫೈಲ್ ಪಕ್ಕದಲ್ಲಿಟ್ಟು, ಬಾಟಲಿ ನೀರನ್ನು ಫಿಲ್ಟರ್ ಮಾಡಿ ಅಸಿಟೋನ್‌ನಲ್ಲಿ ಕ್ಲೋರೊಫಿಲ್ ಕರಗಿಸಿ ತೆಗೆದ ಅಳತೆಯ ಜೊತೆ ಹೋಲಿಸಿ ತೋರಿಸು. ಉಪಗ್ರಹದ ಅಧ್ಯಾಯಕ್ಕೂ ಇದೇ ಮಾತು. ಉಪಗ್ರಹ ನೋಡೋದು ಮೇಲಿನ ಪದರವನ್ನು ಮಾತ್ರ, ಅದೂ ಮೋಡ ಇಲ್ಲದ ದಿನ. ಆಳದಲ್ಲಿರುವ ನಿನ್ನ ಉಬ್ಬು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಅಧ್ಯಾಯಗಳ ಅಂಕಿ ಹೊಂದುತ್ತಿಲ್ಲ ಅಂತ ನೀನು ಒದ್ದಾಡಿದ್ದೀಯಲ್ಲ, ಹೊಂದಬೇಕು ಅಂತ ಏನೂ ಇಲ್ಲ.

ಟ್ಯಾಂಕ್ ಪ್ರಯೋಗದ ಬಗ್ಗೆ ಮಾತ್ರ ನನಗೆ ಸ್ವಲ್ಪ ಭಯ. ಬಿಸಿ ಮಾಡಿದ ಒಂದು ಟ್ಯಾಂಕ್, ಮಾಡದ ಒಂದು ಟ್ಯಾಂಕ್, ಒಂದೊಂದರಿಂದ ಮೂರು ಬಾಟಲಿ ನೀರು. ಅದಕ್ಕೆ ಮೂರು ರೆಪ್ಲಿಕೇಟ್ (ಬೇರೆಬೇರೆಯಾಗಿ ಮಾಡಿದ ಪುನರಾವರ್ತನೆ) ಅಂತ ಬರೆದಿದ್ದೀಯ. ಒಬ್ಬನಿಗೇ ಮೂರು ಸಲ ಥರ್ಮಾಮೀಟರ್ ಇಟ್ಟರೆ ಮೂವರ ಜ್ವರ ನೋಡಿದಂತಾಗುತ್ತದಾ? ಹರ್ಲ್‌ಬರ್ಟ್ ಅನ್ನುವ ಪರಿಸರ ವಿಜ್ಞಾನಿ 1984ರಲ್ಲೇ ಇದಕ್ಕೆ ಸ್ಯೂಡೋರೆಪ್ಲಿಕೇಷನ್ ಅಂತ ಹೆಸರಿಟ್ಟು ಎಲ್ಲರ ಕಿವಿ ಹಿಂಡಿದ್ದಾರೆ. ಪರೀಕ್ಷಕರು ಅದನ್ನು ಓದಿರುತ್ತಾರೆ. ಈಗ ಹೊಸ ಟ್ಯಾಂಕ್ ತರೋಕಾಗಲ್ಲ, ಸರಿ. ಪಿ ವ್ಯಾಲ್ಯೂ (ಫಲಿತಾಂಶ ಬರೀ ಆಕಸ್ಮಿಕವಲ್ಲ ಅನ್ನೋಕೆ ಕೊಡುವ ಅಂಕಿ) ತೆಗೆದುಹಾಕಿ, ಇದು ಪ್ರಾಥಮಿಕ ಪ್ರಯೋಗ, ಒಂದೊಂದೇ ಟ್ಯಾಂಕ್ ಇತ್ತು ಅಂತ ನೀನೇ ಮೊದಲು ಹೇಳು. ಅವರ ಬಾಯಿಂದ ಬರುವ ಮುಂಚೆ ನಿನ್ನ ಬಾಯಿಂದ ಬಂದರೆ ಆ ಪ್ರಶ್ನೆಯ ಹಲ್ಲು ಕಿತ್ತ ಹಾಗೆ.

ಬಣ್ಣ. ಕಾಮನಬಿಲ್ಲಿನ ಬಣ್ಣದ ಮ್ಯಾಪ್ ಬಿಟ್ಟುಬಿಡು, ದಮ್ಮಯ್ಯ. ಹಳದಿ ಬಂದಲ್ಲೆಲ್ಲ ಕಣ್ಣು ಹೋಗುತ್ತದೆ, ನೀರಿನಲ್ಲಿ ಇಲ್ಲದ ಗಡಿಗಳು ಸ್ಲೈಡ್‌ನಲ್ಲಿ ಹುಟ್ಟಿಕೊಳ್ಳುತ್ತವೆ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರೂ ಹಾಲ್‌ನಲ್ಲಿ ಇರುತ್ತಾರೆ. ಸಮುದ್ರದ ಡೇಟಾಗೆಂದೇ ಮಾಡಿದ ಸಿಎಂಓಷನ್ ಬಣ್ಣಗಳು ಪುಕ್ಕಟೆ ಸಿಗುತ್ತವೆ, ಹಾಕಿಕೋ. ಕ್ಲೋರೊಫಿಲ್‌ಗೆ ಲಾಗ್ ಸ್ಕೇಲ್ ಇರಲಿ. ಲವಣಾಂಶದ ಮುಂದೆ ಏಕಮಾನವಾಗಿ ಪಿಎಸ್‌ಯು ಅಂತ ಬರೆದಿದ್ದೀಯ. 1978ರ ಪ್ರಾಕ್ಟಿಕಲ್ ಸಲಿನಿಟಿ ಸ್ಕೇಲ್ ಪ್ರಕಾರ ಅದಕ್ಕೆ ಏಕಮಾನವೇ ಇಲ್ಲ. ಇದನ್ನೇ ಹಿಡಿದು ಹತ್ತು ನಿಮಿಷ ತಿನ್ನುವ ಹಿರಿಯರು ಎಲ್ಲ ಕಡೆ ಒಬ್ಬರಾದರೂ ಇರುತ್ತಾರೆ. ಅವರ ಖುಷಿಗೆ ಯಾಕೆ ಅವಕಾಶ ಕೊಡಬೇಕು?

ಹಡಗಿನ ಸಿಬ್ಬಂದಿಗೆ ಧನ್ಯವಾದ ಹೇಳುವುದನ್ನು ಮರೆಯಬೇಡ. ಅಲೆಯ ನಡುವೆ ವಿಂಚ್ ಹಿಡಿದು ನಿಂತವರು ಅವರೇ. ಅದನ್ನು ಶುರುವಿನಲ್ಲೇ ಹೇಳಿಬಿಡು. ಕೊನೆಗೆ ಥ್ಯಾಂಕ್ ಯೂ ಅಂತ ಬರೆದ ಸೂರ್ಯಾಸ್ತದ ಫೋಟೊ ಬೇಡ. ಪ್ರಶ್ನೆ ನಡೆಯುವಷ್ಟು ಹೊತ್ತೂ ಪರದೆಯ ಮೇಲೆ ಅದೇ ಇರುತ್ತದೆ, ಯಾರಿಗೇನು ಉಪಯೋಗ? ಅಲ್ಲಿ ಪ್ರೊಫೈಲ್ ಗ್ರಾಫ್ ಮತ್ತೆ ಹಾಕು, ಉತ್ತರ ಹೇಳುವಾಗ ಬೆರಳು ತೋರಿಸೋಕೆ ಬರುತ್ತದೆ. ತಿದ್ದಿದ ಸ್ಲೈಡ್‌ಗಳನ್ನು ಶುಕ್ರವಾರದೊಳಗೆ ಕಳಿಸು. ಭಾನುವಾರ ಫೋನ್ ಮಾಡಿ ಪರೀಕ್ಷಕನ ಹಾಗೆ ಕಾಡುತ್ತೇನೆ, ಬೈಬಾರದು.

ನಿನ್ನ ಗೆಳೆಯ