ಹಬ್ಬದ ವಾರದಲ್ಲಿ ನೋಂದಣಿ ಶುಲ್ಕದ ಬರೆ

ಮಾನ್ಯರೇ,

ನಮ್ಮ ಉಪನೋಂದಣಿ ಕಚೇರಿಯ ಮುಂದಿನ ನೂಕುನುಗ್ಗಲಿನ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಆ ಗುಂಪಿನಲ್ಲಿ ನಾನೂ ಇದ್ದೆ. ಗೌರಿ-ಗಣೇಶ ಹಬ್ಬದ ವಾರದಲ್ಲಿ ಆಸ್ತಿ ನೋಂದಣಿ ಶುಲ್ಕ ಏರಿಸಿ ಕರ್ನಾಟಕ ಸರ್ಕಾರದ ಆದೇಶ, 2025ರ ಆಗಸ್ಟ್ 31ರಿಂದಲೇ ಜಾರಿ! ಹಳೆಯ ದರದಲ್ಲೇ ಮುಗಿಸಿಕೊಳ್ಳೋಣವೆಂದು ಶನಿವಾರ ಓಡಿದರೆ ಸರ್ವರ್ ಕೈಕೊಟ್ಟಿತು. ಸಾಕ್ಷಿ ಹಾಕಲು ಬಂದಿದ್ದ, ಸಕ್ಕರೆ ಕಾಯಿಲೆಯ ನಮ್ಮ ದೊಡ್ಡಪ್ಪನವರು ಸಂಜೆಯವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಕುಡಿಯುವ ನೀರಿಗೂ ಗತಿಯಿಲ್ಲ. ಕೊನೆಗೆ ‘ಸೋಮವಾರ ಬನ್ನಿ’ ಎಂದರು. ಸೋಮವಾರದ ಹೊತ್ತಿಗೆ ಶೇ 1ರಷ್ಟಿದ್ದ ಶುಲ್ಕ ಶೇ 2 ಆಗಿತ್ತು. 30 ಲಕ್ಷದ ನಿವೇಶನಕ್ಕೆ 30 ಸಾವಿರದ ಬದಲು 60 ಸಾವಿರ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ 2.28 ಲಕ್ಷ. ಕೆಟ್ಟದ್ದು ಅವರ ಸರ್ವರ್, ದಂಡ ನಮಗೆ.

ಹೆಚ್ಚುವರಿ ತೆತ್ತ 30 ಸಾವಿರವೆಂದರೆ ಹದಿನೈದು ತಿಂಗಳ ಗೃಹಲಕ್ಷ್ಮಿ ಹಣ. ಹೆಂಡತಿಯ ಖಾತೆಗೆ ತಡವಾಗಿ ಬಂದು ಸೇರುವ ದುಡ್ಡನ್ನು ಗಂಡನಿಂದ ಒಂದೇ ಚಲನ್‌ನಲ್ಲಿ ವಸೂಲು ಮಾಡಿದರು. ಗ್ಯಾರಂಟಿ ಬೇಡವೆನ್ನುವವನು ನಾನಲ್ಲ. ಆ ಎರಡು ಸಾವಿರದಿಂದಲೇ ಔಷಧಿ ತರುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಆದರೆ ಅದಕ್ಕೆ ಹಣ ಎಲ್ಲಿಂದ ತರುತ್ತೀರಿ ಎಂಬುದೂ ಅಷ್ಟೇ ಮುಖ್ಯ. 2025-26ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ, ಸಾಲ 1.16 ಲಕ್ಷ ಕೋಟಿ, ರಾಜಸ್ವ ಕೊರತೆ, ಅಂದರೆ ಆದಾಯಕ್ಕಿಂತ ದಿನನಿತ್ಯದ ಖರ್ಚು ಹೆಚ್ಚಾದದ್ದು, 19,262 ಕೋಟಿ ರೂಪಾಯಿ. ಸಾಲದಲ್ಲಿ ಅಷ್ಟು ಹಣ ಕೆರೆಗೂ ಇಲ್ಲ, ರಸ್ತೆಗೂ ಇಲ್ಲ. ಸಂಬಳ, ಬಡ್ಡಿ, ಸಹಾಯಧನಕ್ಕೇ ಮುಗಿಯುತ್ತದೆ. ತೀರಿಸಬೇಕಾದವರು ನಮ್ಮ ಮಕ್ಕಳು. ಸಾಲವೂ ಸಾಲದೆ 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿಸಿದರು. ಏಪ್ರಿಲ್‌ನಲ್ಲಿ ಹಾಲಿಗೆ 4 ರೂಪಾಯಿ ಏರಿಕೆ. ಅದು ರೈತರಿಗೆ ಎಂದರು, ಒಪ್ಪೋಣ. ಅದೇ ದಿನ ಡೀಸೆಲ್ ಮೇಲಿನ ತೆರಿಗೆಯನ್ನೂ ಏರಿಸಿದರಲ್ಲ, ಅದು ಯಾರಿಗೆ? ಲಾರಿ ಬಾಡಿಗೆ ಏರಿದರೆ ಗೃಹಲಕ್ಷ್ಮಿ ಪಡೆದವಳೇ ತರಕಾರಿಗೆ ಹೆಚ್ಚು ಕೊಡಬೇಕು.

ಆ 30 ಸಾವಿರ ಸಂಪು ಕಟ್ಟಲು ಮೇಸ್ತ್ರಿಗೆ ಕೊಡಬೇಕಿದ್ದ ಮುಂಗಡ. ಈಗ ಕೆಲಸ ನಿಂತಿದೆ. ಅವನ ಕೈಕೆಳಗಿನ ಗಾರೆಯವರಿಗೆ ಕೂಲಿಯಿಲ್ಲ. ಪಕ್ಕದ ನಿವೇಶನದವರು ನೋಂದಣಿಯ ಗೊಡವೆಯೇ ಬೇಡವೆಂದು ಬರೀ ಕರಾರು ಪತ್ರ ಬರೆಸಿಕೊಂಡು ಕೂತಿದ್ದಾರೆ. ಬೊಕ್ಕಸಕ್ಕೆ ಬಂದದ್ದೇನು? ತಮಿಳುನಾಡು, ಕೇರಳಕ್ಕಿಂತ ನಮ್ಮಲ್ಲಿ ಕಡಿಮೆ ಎಂಬ ಸರ್ಕಾರದ ಸಮಾಧಾನ ನಮಗೆ ಬೇಕಾಗಿಲ್ಲ.

2024ರಲ್ಲಿ ಅಫಿಡವಿಟ್‌ನ ಛಾಪಾ ಕಾಗದವನ್ನು 20ರಿಂದ 100 ರೂಪಾಯಿಗೆ ಏರಿಸಿದಾಗಲೂ ಸೇವೆ ಸುಧಾರಿಸುತ್ತದೆ ಎಂದೇ ನಂಬಿದ್ದೆವು. ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ನಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಕೊಟ್ಟ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಅಲೆಯುತ್ತಿದೆ. ಪಹಣಿಯಲ್ಲಿ ಅವರೇ ಮಾಡಿದ ಅಕ್ಷರದ ತಪ್ಪು ತಿದ್ದಲು ನಾವೇ ಅಫಿಡವಿಟ್ ಕೊಡಬೇಕು. ಮಧ್ಯವರ್ತಿ ಬಂದರೆ ಮಾತ್ರ ಕಡತ ಎದ್ದು ಓಡಾಡುತ್ತದೆ.

ಶುಲ್ಕವನ್ನು ಕೂಡಲೇ ಇಳಿಸಬೇಕು. ಇಳಿಸದಿದ್ದರೆ ಸರ್ವರ್ ಕೆಟ್ಟು ವಾಪಸ್ ಹೋದವರಿಗಾದರೂ ಹಳೆಯ ದರವನ್ನೇ ಅನ್ವಯಿಸಬೇಕು. ಹಣ ಬೇಕಿದ್ದರೆ ಬಾಕಿ ಉಳಿಸಿಕೊಂಡ ದೊಡ್ಡವರನ್ನು ಹಿಡಿಯಲಿ. ಕೈಗೆ ಸಿಕ್ಕವರನ್ನೇ ಮತ್ತೆ ಮತ್ತೆ ಹಿಂಡಲು ಇವರಿಗೆ ನಾಚಿಕೆಯಾಗಬೇಕು.

– ನೊಂದ ಓದುಗ