ಅರ್ಜಿ ಹಾಕಬೇಕಾದವರು ಜೈಲಿನವರೇ

ಮಾನ್ಯರೇ,

ಮೊನ್ನೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಸೆಂಟ್ರಲ್ ಜೈಲು ಅದು. ಈಗ ಅಲ್ಲಿ ಸೆಲ್ಫಿ ಗದ್ದಲ. ಪರವಾಗಿಲ್ಲ ಬಿಡಿ.

ಆದರೆ ಇವತ್ತಿಗೂ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅಂದರೆ ತಪ್ಪು ಇನ್ನೂ ಸಾಬೀತಾಗಿಲ್ಲ! ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಎಂದು ತೀರ್ಪಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಕೋರ್ಟು ಅವರನ್ನು ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯಂಥ ಕೇಸುಗಳಿಗೆ, ಬೇರೆ ಕೇಸು ಬಾಕಿ ಇರುವವರಿಗೆ ಇದಿಲ್ಲ. ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲಿನ ಸೂಪರಿಂಟೆಂಡೆಂಟರೇ. ಇದು ಎಷ್ಟು ಕೈದಿಗಳಿಗೆ ಗೊತ್ತು? ಯಾರ ಮೂರನೇ ಒಂದು ಭಾಗದ ಅವಧಿ ಯಾವಾಗ ಮುಗಿಯುತ್ತದೆ ಎಂದು ಪ್ರತಿ ಬ್ಯಾರಕ್ಕಿನ ಗೋಡೆಗೆ ಪಟ್ಟಿ ಅಂಟಿಸಲಿ. ಅದಕ್ಕೇನೂ ಜಾಸ್ತಿ ಖರ್ಚಿಲ್ಲ, ಅಲ್ವಾ?

– ಒಬ್ಬ ಓದುಗ, ಬೆಂಗಳೂರು