‘ಲೀಸ್’ ಅಂದರೆ ಯಾವ ಲೀಸ್?

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಅಂಗಡಿಯನ್ನು ‘ಲೀಸಿಗೆ ಕೊಟ್ಟಿದ್ದೀವಿ’ ಎಂದರೆ ಒಂದೇ ಸಲ ದೊಡ್ಡ ಮೊತ್ತ ಪಡೆದು, ತಿಂಗಳ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದೇವೆ ಎಂದರ್ಥ. ಕಾನೂನಿನ ಕಣ್ಣಲ್ಲಿ ಅದು ಸಾಮಾನ್ಯವಾಗಿ ಭೋಗ್ಯ, ಅಂದರೆ ಅಡಮಾನ. ನೂರು ರೂಪಾಯಿಯ ಭೋಗ್ಯಕ್ಕೂ ನೋಂದಣಿ ಬೇಕು. ಮಂಡಿಪೇಟೆಯ ಮಳಿಗೆಗೋ ಪಿ.ಜೆ. ಬಡಾವಣೆಯ ಶೋರೂಮಿಗೋ ಬರುವ ಕಂಪನಿಯವರ ಕಾಗದದಲ್ಲಿನ ‘ಲೀಸ್’ ಮಾತ್ರ ತಿಂಗಳ ಬಾಡಿಗೆಯ ಗುತ್ತಿಗೆ. ಪದ ಒಂದೇ ಆದ್ದರಿಂದ ಇಬ್ಬರೂ ತಲೆಯಾಡಿಸುತ್ತಾರೆ, ತಕರಾರು ಆಮೇಲೆ.

ಇದಕ್ಕಿಂತ ದುಬಾರಿ ತಪ್ಪು ನೋಟರಿಯದು. ಮೂರು ವರ್ಷದ ಕರಾರನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮುದ್ರೆ ಹಾಕಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷ ಮೀರಿದ ಗುತ್ತಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ನೋಂದಣಿಯಾಗಬೇಕು (11 ತಿಂಗಳ ಕರಾರು ಹುಟ್ಟಿದ್ದೇ ಇದನ್ನು ತಪ್ಪಿಸಲು). ನೋಂದಣಿಯಾಗದಿದ್ದರೆ ಅವಧಿ, ನವೀಕರಣ, ‘ಲಾಕ್‌ ಇನ್’ (ಇಷ್ಟು ಕಾಲ ಬಿಡುವಂತಿಲ್ಲ ಎಂಬ ಷರತ್ತು) ಇವ್ಯಾವಕ್ಕೂ ಆ ಕಾಗದವನ್ನು ನ್ಯಾಯಾಲಯದಲ್ಲಿ ಆಧಾರ ಮಾಡಿಕೊಳ್ಳಲಾಗದು. ಅಂಗಡಿ ಬಾಡಿಗೆ ಆಗ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು ಕೊನೆಗೊಳಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನದ ನೋಟಿಸ್ ಸಾಕು. ಷೋಕೇಸು, ಎಸಿ ಎಂದು ಲಕ್ಷಗಟ್ಟಲೆ ಸುರಿದ ವ್ಯಾಪಾರಿಗೆ ಆ 15 ದಿನ ಎಂಥವು ಎಂದು ಹೇಳಬೇಕಿಲ್ಲ. ಲಾಕ್‌ ಇನ್ ನಂಬಿ ಸಾಲ ಮಾಡಿ ಮಹಡಿ ಕಟ್ಟಿಸಿದ ಮಾಲೀಕನ ಪಾಡೂ ಅದೇ. ನೋಂದಣಿ ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಕೊನೆ ಗಳಿಗೆಯಲ್ಲಿ ಇದೊಂದಕ್ಕೇ ನೋಂದಣಿ ಬಿಟ್ಟುಹೋಗುತ್ತದೆ.

ಇನ್ನು ಅಳತೆ. ‘400 ಚದರ ಅಡಿ, ಅಡಿಗೆ 40 ರೂಪಾಯಿ’ ಎಂದರೆ ತಿಂಗಳಿಗೆ 16,000. ಆ 400 ‘ಸೂಪರ್ ಬಿಲ್ಟ್‌ ಅಪ್’ ಆಗಿದ್ದರೆ ಮೆಟ್ಟಿಲು, ಲಿಫ್ಟು, ಓಡಾಡುವ ಜಾಗದ ಪಾಲೂ ಅದರಲ್ಲಿ ಸೇರಿದೆ. ಒಳಗೆ ಟೇಪು ಹಿಡಿದಾಗ 300 ಬಂದರೆ ನೀವು ಕೊಡುತ್ತಿರುವುದು ಅಡಿಗೆ 53 ರೂಪಾಯಿ ಚಿಲ್ಲರೆ. ಕರಾರಿನಲ್ಲಿ ಈ ಒಳಗಿನ ಅಳತೆಯನ್ನೇ, ಅಂದರೆ ಕಾರ್ಪೆಟ್ ಅಳತೆಯನ್ನೇ ಬರೆಸಿ.

ಇ.ಸಿ. (ಸ್ವತ್ತಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ) ನೋಡಿದೆವು, ಸಾಲವಿಲ್ಲ ಎನ್ನುವವರಿಗೆ ಒಂದು ಮಾತು: ಮೂಲಪತ್ರ ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗಿರದಿದ್ದರೆ ಇ.ಸಿ.ಯಲ್ಲಿ ಕಾಣದು. ಮಾಲೀಕರು ಬರೀ ಜೆರಾಕ್ಸ್ ತೋರಿಸಿದರೆ ಮೂಲಪತ್ರ ಕೇಳಿ. ಅದು ಬ್ಯಾಂಕಿನಲ್ಲಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಅಡ್ವಾನ್ಸ್ ಕೊಡಬೇಡಿ.

ತೆರಿಗೆಯದ್ದೂ ಒಂದು ನಿಯಮವಿದೆ. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಬಾಡಿಗೆದಾರನಿಗೆ ಇದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ಬಾಡಿಗೆದಾರನೇ ಸರ್ಕಾರಕ್ಕೆ ಕಟ್ಟಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ (ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ) 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಇದೆ. ಮರಳಿಸಬೇಕಾದ ಅಡ್ವಾನ್ಸಿಗೆ ಜಿಎಸ್‌ಟಿ ಇಲ್ಲ, ಬಾಡಿಗೆಗೆ ವಜಾ ಮಾಡಿಕೊಂಡರೆ ಉಂಟು. ‘ಬಾಡಿಗೆ ಇಷ್ಟು’ ಎಂದಷ್ಟೇ ಬರೆದು ತೆರಿಗೆ ಸೇರಿಯೋ ಹೊರತೋ ಎಂದು ಬರೆಯದ ಕರಾರುಗಳೇ ಹೆಚ್ಚು.

ತಮ್ಮ ಪತ್ರಿಕೆಯ ‘ಅಂಗಡಿ ಬಾಡಿಗೆಗಿದೆ’ ಜಾಹೀರಾತುಗಳಲ್ಲಿ ಕಾರ್ಪೆಟ್ ಅಳತೆಯನ್ನೂ, ಬಾಡಿಗೆಯೋ ಭೋಗ್ಯವೋ ಎಂಬುದನ್ನೂ ಕಡ್ಡಾಯವಾಗಿ ಕೇಳಿ ಪ್ರಕಟಿಸಬೇಕೆಂದು ವಿನಂತಿ. ಎರಡು ಪದ ಹೆಚ್ಚಾದೀತು, ಅಷ್ಟೆ.

– ಪತ್ರ ಬರಹಗಾರರು, ದಾವಣಗೆರೆ